ಇಡೀ ಹಂದಿ ಸುಡುವಾಗ ಎಲ್ಲಿ ಕೈಕೊಡುತ್ತದೆ, ಹೇಗೆ ಸರಿ ಮಾಡೋದು

ಏಪ್ರಿಲ್ ಬಂತು ಅಂದರೆ ಮಕ್ಕಳಿಗೆ ರಜೆ. ಬೆಂಗಳೂರಲ್ಲಿರುವ ಅಣ್ಣತಮ್ಮಂದಿರು, ಅಕ್ಕಭಾವಂದಿರು ಎಲ್ಲ ಊರಿಗೆ ಬರುತ್ತಾರೆ. ದಾವಣಗೆರೆ ಸುತ್ತಮುತ್ತ ತೋಟ ಇದ್ದವರ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಪ್ರತಿ ಸಲ ಬಿರಿಯಾನಿ ಯಾಕ್ರಣ್ಣ, ಈ ಸಲ ಒಂದು ಹಂದಿ ತಂದು ಇಡಿಯಾಗಿ ಸುಟ್ಟುಬಿಡೋಣ." ಅಲ್ಲಿಂದ ವಾರಪೂರ್ತಿ ಮಸಾಲೆಯದೇ ಮಾತು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕೋಣವೋ ನಿಂಬೆಹಣ್ಣೋ, ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಶುಂಠಿ ಬೆಳ್ಳುಳ್ಳಿ ಎಷ್ಟು. ಕೊನೆಗೆ ಪಾರ್ಟಿ ದಿನ ಮಸಾಲೆ ಬಗ್ಗೆ ಯಾರೂ ದೂರುವುದಿಲ್ಲ. ತೊಡೆ ಹಸಿ, ಚರ್ಮ ರಬ್ಬರು, ಹಂದಿಯನ್ನು ಪೋಣಿಸಿದ ಸಲಾಕೆ ತಿರುಗಿದರೂ ಹಂದಿ ತಿರುಗುತ್ತಿಲ್ಲ, ಗಂಟೆ ನಾಲ್ಕಾದರೂ ಊಟ ಇಲ್ಲ. ದೂರು ಬರುವುದೆಲ್ಲ ಇಂಥವೇ.

ಬಹುಪಾಲು ಎಲ್ಲ ದೋಷವೂ ಬೆಂಕಿ ಎಲ್ಲಿದೆ, ಎಷ್ಟಿದೆ, ಎಷ್ಟು ಹೊತ್ತು ಇತ್ತು ಎನ್ನುವುದರಲ್ಲೇ ಸಿಗುತ್ತದೆ. ಹಾಗಾಗಿ ಏನಾದರೂ ಎಡವಟ್ಟಾಯಿತು ಅನ್ನಿಸಿದರೆ ಮೊದಲು ಮಾಂಸದ ಕಡೆ ನೋಡಬೇಡಿ, ಕೆಳಗೆ ಕೆಂಡದ ಕಡೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಲಾಕೆಯನ್ನೂ ಏರಿಸಿ, ಕೆಂಡವನ್ನೂ ಎಳೆದು, ಮೇಲೆ ತಗಡನ್ನೂ ಮುಚ್ಚಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ನಾನು ಹೇಳುತ್ತಿರುವುದು ಕೂದಲು ತೆಗೆದು, ಹೊಟ್ಟೆ ಬಗೆದು ತೊಳೆದ ಮೇಲೆ 25ರಿಂದ 30 ಕೆಜಿ ತೂಗುವ ಹಂದಿಯ ಲೆಕ್ಕ. ನಲವತ್ತು ಐವತ್ತು ಜನಕ್ಕೆ ಅಷ್ಟು ಸಾಕು. ಅದಕ್ಕಿಂತ ದೊಡ್ಡದು ಬೇಕು ಅಂತ ಹಟ ಹಿಡಿಯುವವರು ಇರುತ್ತಾರೆ. ಅವರಿಗೆ ಎರಡು ಚಿಕ್ಕ ಹಂದಿ ತರೋಣ ಅನ್ನಿ. ದೊಡ್ಡದರ ತೊಡೆ ಬೇಯುವಷ್ಟರಲ್ಲಿ ನಡು ಒಣಗಿ ಕಟ್ಟಿಗೆ ಆಗಿರುತ್ತದೆ. ಕೆಳಗೆ ಬರೆದ ಡಿಗ್ರಿ ಎಲ್ಲವೂ ಸೆಲ್ಸಿಯಸ್.

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು ಬೇಕೇ ಬೇಕು. "ನಾವು ಕೈಯಲ್ಲಿ ಒತ್ತಿ ಹೇಳುತ್ತೀವಿ" ಅನ್ನುವವರಿಗೆ ಕೋಳಿ, ಕುರಿ ತೊಡೆ ಗೊತ್ತಿರಬಹುದು. ಅರ್ಧ ಅಡಿ ದಪ್ಪದ ಹಂದಿ ತೊಡೆಯ ಒಳಗೆ ಏನಾಗಿದೆ ಅಂತ ಹೊರಗಿಂದ ಒತ್ತಿದರೆ ತಿಳಿಯುವುದಿಲ್ಲ.

ಅದು ಸರಿಯಾಗಿ ತೋರಿಸುತ್ತಿದೆಯೇ ಅಂತ ಹಿಂದಿನ ದಿನವೇ ಕುದಿಯುವ ನೀರಲ್ಲಿ ಮುಳುಗಿಸಿ ನೋಡಿ. 100 ಬರಲಿಲ್ಲ ಅಂತ ಗಾಬರಿ ಬೇಡ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. ಚಿತ್ರದುರ್ಗ ಇನ್ನೂ ಸ್ವಲ್ಪ ಎತ್ತರ, ಅಲ್ಲಿ ಇನ್ನರ್ಧ ಡಿಗ್ರಿ ಕಡಿಮೆ. 98 ಬರಬೇಕಾದಲ್ಲಿ 90 ತೋರಿಸಿದರೆ ಮಾತ್ರ ಬೇರೆಯದು ತನ್ನಿ.

ಚುಚ್ಚುವ ಜಾಗದಲ್ಲೂ ಮೋಸ ಆಗುತ್ತದೆ. ಮೊನೆ ಮೂಳೆಗೆ ತಾಗಿದರೆ ಅಂಕಿ ತಪ್ಪು. ಕಬ್ಬಿಣದ ಸಲಾಕೆಗೆ ತಾಗಿದರೆ ಇನ್ನೂ ದೊಡ್ಡ ತಪ್ಪು, ಸಲಾಕೆ ತುದಿಯಿಂದ ತುದಿಗೆ ಬಿಸಿಯನ್ನು ಎಳೆದುಕೊಂಡು ಬಂದಿರುತ್ತದೆ. ತೊಡೆಯ ಅತಿ ದಪ್ಪ ಭಾಗದ ನಟ್ಟನಡುವೆ, ಭುಜದ ಕೀಲಿನ ಹಿಂದೆ, ಬೆನ್ನಿನ ಉದ್ದ ಮಾಂಸದಲ್ಲಿ, ಹೀಗೆ ಮೂರು ಕಡೆ ನೋಡಿ. ಎಡಕ್ಕೂ ನೋಡಿ, ಬಲಕ್ಕೂ ನೋಡಿ. ಎಲ್ಲದರಲ್ಲೂ ಕಡಿಮೆ ಬಂದ ಅಂಕಿಯೇ ನಿಮ್ಮ ಹಂದಿಯ ಅಂಕಿ.

ಹೊರಗೆ ಕರಕಲು, ಒಳಗೆ ಹಸಿ

ಉರಿಯ ಮೇಲೆ ಸುಟ್ಟಿದ್ದೀರಿ, ಕೆಂಡದ ಮೇಲೆ ಅಲ್ಲ. ಅಥವಾ ಕೆಂಡವೇ ಆದರೂ ತೀರಾ ಹತ್ತಿರ.

ಪರೀಕ್ಷೆ ಸುಲಭ. ಮಾಂಸ ಇರುವ ಎತ್ತರಕ್ಕೆ ಅಂಗೈ ಚಾಚಿ ನಿಧಾನಕ್ಕೆ ಎಣಿಸಿ. ಮೂರು ನಾಲ್ಕು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಶುರುವಿಗೆ ಅದು ವಿಪರೀತ ಬಿಸಿ. ಏಳೆಂಟು ಎಣಿಸುವವರೆಗೆ ತಡೆದುಕೊಂಡರೆ ಹದ ಸರಿ ಇದೆ. ಹತ್ತು ಹನ್ನೆರಡಾದರೂ ಆರಾಮಾಗಿ ಇಟ್ಟುಕೊಂಡಿದ್ದರೆ ಬೆಂಕಿ ಸಾಯುತ್ತಿದೆ.

ಸಲಾಕೆಯನ್ನು ಒಂದು ಮೆಟ್ಟಿಲು ಏರಿಸಿ. ಅದಕ್ಕೇ ನಿಲ್ಲಿಸುವ ಕಂಬಗಳಿಗೆ ಎರಡು ಮೂರು ಎತ್ತರದಲ್ಲಿ ಕೊಂಡಿ ಬೆಸುಗೆ ಹಾಕಿಸಿರಬೇಕು, ವೆಲ್ಡಿಂಗ್ ಅಂಗಡಿಯವರಿಗೆ ಮೊದಲೇ ಹೇಳಿ. ಅದಿಲ್ಲದಿದ್ದರೆ ಸಲಿಕೆ ತಗೊಂಡು ಕೆಂಡವನ್ನು ನೇರ ಕೆಳಗಿಂದ ಪಕ್ಕಕ್ಕೆ ಎಳೆಯಿರಿ. ಕಪ್ಪಾದ ಜಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ತಂತಿ ಕಟ್ಟಿ. ಕಿವಿ, ಬಾಲ, ಗೊರಸಿನ ಹತ್ತಿರದ ಸಣ್ಣ ಭಾಗಕ್ಕಂತೂ ಶುರುವಿನಲ್ಲೇ ಸುತ್ತಿಬಿಡಿ.

ಬೆಂಕಿ ಸರಿಯಾಗಿಯೇ ಇದೆ, ಆದರೂ ಮೈಯೆಲ್ಲ ಕಪ್ಪು ಅಂದರೆ ಮಸಾಲೆಯಲ್ಲಿ ಬೆಲ್ಲವೋ ಜೇನುತುಪ್ಪವೋ ಇದೆ. ಸಿಹಿ ಬೇಗ ಸೀಯುತ್ತದೆ. ಅದನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳಿ. ಈಗ ಆಗಿಹೋಗಿದ್ದರೆ ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ, ಕೆಳಗೆ ಚರ್ಮ ಚೆನ್ನಾಗಿಯೇ ಇರುತ್ತದೆ.

ನಡು ಆಯಿತು, ತೊಡೆ ಮತ್ತು ಭುಜ ಆಗಿಲ್ಲ

ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ, ಸ್ವಲ್ಪ ನಿಧಾನಕ್ಕೆ ಓದಿ.

ಹಂದಿಯ ಮೈ ಒಂದೇ ದಪ್ಪ ಇಲ್ಲ. ಪಕ್ಕೆ, ಹೊಟ್ಟೆಯ ಭಾಗ ಎರಡು ಮೂರು ಬೆರಳು ದಪ್ಪ. ಹಿಂದೆ ತೊಡೆ, ಮುಂದೆ ಭುಜ ಅರ್ಧ ಅಡಿಯ ಹತ್ತಿರ. ಅದೂ ಸಾಲದು ಅಂತ ಅವಕ್ಕೆ ಬೇಕಾದ ಶಾಖವೂ ಬೇರೆ. ಬೆನ್ನಿನ ಉದ್ದ ಮಾಂಸದಲ್ಲಿ ಕೊಬ್ಬು ಕಡಿಮೆ, 70 ದಾಟಿದ ಮೇಲೆ ಒಣಗುತ್ತಾ ಹೋಗುತ್ತದೆ. ಭುಜದಲ್ಲಿ ನಾರು, ಕಟ್ಟು, ನೆಣ ಜಾಸ್ತಿ. ಅದು 88ರಿಂದ 92ಕ್ಕೆ ಮುಟ್ಟಿದಾಗಲೇ ಕರಗಿ ಮೆತ್ತಗಾಗಿ ಕೈಯಲ್ಲಿ ಬಿಡಿಸಿಕೊಳ್ಳುತ್ತದೆ. ಒಂದೇ ಸಲಾಕೆಯ ಮೇಲೆ ಎರಡು ಅಡುಗೆ ನಡೆಯುತ್ತಿದೆ ಅಂದುಕೊಳ್ಳಿ. ಉದ್ದಕ್ಕೂ ಒಂದೇ ಸಮ ಕೆಂಡ ಹರಡಿದರೆ ನಡು ಗೆಲ್ಲುತ್ತದೆ, ತುದಿಗಳು ಸೋಲುತ್ತವೆ.

ಹಾಗಾಗಿ ಕೆಂಡದ ಗುಡ್ಡೆ ಎರಡು. ಒಂದು ತೊಡೆಯ ಕೆಳಗೆ, ಇನ್ನೊಂದು ಭುಜದ ಕೆಳಗೆ. ನಡುವೆ ಹೆಚ್ಚುಕಡಿಮೆ ಖಾಲಿ ಬಿಡಿ, ಅಲ್ಲಿ ನೀರು ಹಾಕಿದ ಒಂದು ತಟ್ಟೆ ಇಡಿ, ತೊಟ್ಟಿಕ್ಕುವ ಕೊಬ್ಬು ಅದಕ್ಕೆ ಬೀಳಲಿ. ಎರಡು ತುದಿಯಿಂದ ಬರುವ ಶಾಖವೇ ನಡುವಿಗೆ ಸಾಕು.

ಪಾರ್ಟಿ ಮಧ್ಯದಲ್ಲೇ ದೋಷ ಗೊತ್ತಾಯಿತು ಅನ್ನಿ. ಬೆನ್ನಲ್ಲಿ 70 ತೋರಿಸುತ್ತಿದೆ, ತೊಡೆಯಲ್ಲಿ ಇನ್ನೂ 50. ನಡುವಿನ ಕೆಂಡವನ್ನೆಲ್ಲ ತುದಿಗಳಿಗೆ ತಳ್ಳಿ. ಬೆನ್ನಿಗೆ ಎರಡು ಪದರ ಫಾಯಿಲ್ ಹೊದಿಸಿ. ತೊಡೆಯ ಒಳಭಾಗದಲ್ಲಿ, ಚರ್ಮದ ಕಡೆ ಅಲ್ಲ ಹೊಟ್ಟೆಯ ಕಡೆ, ಮೂಳೆಯ ಉದ್ದಕ್ಕೂ ಆಳವಾಗಿ ಒಂದು ಸೀಳು ಹಾಕಿ ಸ್ವಲ್ಪ ಅಗಲಿಸಿ. ಶಾಖ ಒಳಗೆ ಹೋಗಲು ದಾರಿಯಾಗುತ್ತದೆ. ಬಡಿಸುವಾಗ ಆ ಸೀಳು ಯಾರಿಗೂ ಕಾಣುವುದಿಲ್ಲ.

ಹೊತ್ತು ಮೀರಿದ್ದರೆ ಇನ್ನೊಂದು ಉಪಾಯ ಇದೆ, ಇದಕ್ಕೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಸಲಾಕೆಯಿಂದ ಇಳಿಸಿ. ನಡು ಭಾಗವನ್ನು ಕೊಯ್ದು ಬಡಿಸಲು ಶುರುಮಾಡಿ. ತೊಡೆ, ಭುಜ ಬಿಡಿಸಿ ತುಂಡು ಮಾಡಿ ದೊಡ್ಡ ಪಾತ್ರೆಗೆ ಹಾಕಿ, ಈರುಳ್ಳಿ ಮೆಣಸು ಹಾಕಿ, ಮುಚ್ಚಿ ಬೇಯಿಸಿ. ಹೊಗೆ ಹಿಡಿದ ಹಂದಿಯ ಸಾರಿಗೆ ಮುದ್ದೆ ಇದ್ದರೆ ಜನ ಎರಡನೇ ಪಂಕ್ತಿಗೂ ಕೂರುತ್ತಾರೆ.

ಒಂದು ಮಾತು ಸೇರಿಸುತ್ತೇನೆ. ಹೊಟ್ಟೆಯೊಳಗೆ ಇಡೀ ಕೋಳಿ ತುಂಬಿಸೋಣ, ಅಕ್ಕಿ ತುಂಬಿಸೋಣ ಅನ್ನುವ ಐಡಿಯಾ ಕೊಡುವವರು ಎಲ್ಲ ಗುಂಪಲ್ಲೂ ಇರುತ್ತಾರೆ. ಬೇಡ. ಒಳಗಿಂದ ಶಾಖ ಆಡುವುದು ನಿಲ್ಲುತ್ತದೆ, ಒಳಗಿನ ಕೋಳಿ ಬೆಂದಿದೆಯೋ ಇಲ್ಲವೋ ನೋಡಲು ಮತ್ತೆ ಹೊಲಿಗೆ ಬಿಚ್ಚಬೇಕು. ಕರಿಬೇವು, ಬೆಳ್ಳುಳ್ಳಿ ಗಡ್ಡೆ, ನಾಲ್ಕು ನಿಂಬೆಹಣ್ಣು ಹಾಕಿ ಸುಮ್ನಾಗಿ.

ಗಂಟೆ ಕಳೆದರೂ ಅಂಕಿ ಏರುತ್ತಿಲ್ಲ

ಇದಕ್ಕೆ ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ತಪ್ಪು ತಿಳಿದುಕೊಂಡರೆ ಊಟ ಸಂಜೆಗೆ ಹೋಗುತ್ತದೆ.

ಭುಜದಲ್ಲಿ 65ರಿಂದ 75ರ ಮಧ್ಯೆ ಎಲ್ಲೋ ಅಂಕಿ ನಿಂತುಬಿಟ್ಟಿದೆ, ಅಂಗೈ ಪರೀಕ್ಷೆಯಲ್ಲಿ ಕೆಂಡ ಚೆನ್ನಾಗಿಯೇ ಇದೆ. ಹಾಗಿದ್ದರೆ ಮಾಂಸ ಬೆವರುತ್ತಿದೆ ಅಂತ ಅರ್ಥ. ಒಳಗಿನ ನೀರು ಮೇಲೆ ಬಂದು ಆವಿಯಾಗುತ್ತಾ ಬಂದ ಶಾಖವನ್ನೆಲ್ಲ ತಿಂದುಹಾಕುತ್ತದೆ. ಒಂದು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ ಹೀಗೇ ನಿಲ್ಲುತ್ತದೆ, ಆಮೇಲೆ ತಾನೇ ಏರುತ್ತದೆ. ಅವಸರ ಇದ್ದರೆ ಭುಜಕ್ಕೆ ಫಾಯಿಲ್ ಬಿಗಿಯಾಗಿ ಸುತ್ತಿ, ಆವಿ ಹೊರಗೆ ಹೋಗದಿದ್ದರೆ ಬೇಗ ಏರುತ್ತದೆ. ಈ ಹೊತ್ತಲ್ಲಿ ಕೆಂಡ ಸುರಿದರೆ ಒಳಗೆ ಏನೂ ಆಗದೆ ಹೊರಗೆ ಸೀಯುತ್ತದೆ.

ಅಂಕಿ ನಿಂತಿಲ್ಲ, ಇಳಿಯುತ್ತಿದೆ ಅಂದರೆ ಬೆಂಕಿಯದೇ ಸಮಸ್ಯೆ. ಕೆಂಡದ ಮೇಲೆ ಬೂದಿ ದಪ್ಪಗೆ ಕೂತಿದ್ದರೆ ಕಡ್ಡಿಯಿಂದ ತಟ್ಟಿ ಉದುರಿಸಿ. ಹೊಸ ಇದ್ದಿಲನ್ನು ನೇರವಾಗಿ ಮೇಲೆ ಸುರಿಯಬೇಡಿ. ಅದು ಹತ್ತಿಕೊಳ್ಳುವವರೆಗೆ ಶಾಖ ಕುಡಿಯುತ್ತದೆ, ಮಾಂಸಕ್ಕೆ ಹೊಗೆ ಹೊಡೆಯುತ್ತದೆ. ಹತ್ತು ಅಡಿ ದೂರದಲ್ಲಿ ಇನ್ನೊಂದು ಒಲೆ ಹೂಡಿ, ಅಲ್ಲಿ ಸದಾ ಕೆಂಡ ತಯಾರಾಗುತ್ತಿರಲಿ. ಅರ್ಧ ಗಂಟೆಗೊಮ್ಮೆ ಒಂದೆರಡು ಸಲಿಕೆ ತಂದು ತುದಿಗಳಿಗೆ ಹಾಕಿ. ತೆರೆದ ಜಾಗದಲ್ಲಿ ಹಂದಿಯ ತೂಕದಷ್ಟೇ ಇದ್ದಿಲು ಬೇಕು ಅನ್ನುವುದು ಅಂದಾಜು. ಗಾಳಿ ಇದ್ದರೆ ಅದರ ಮೇಲೆ ಹತ್ತು ಕೆಜಿ ಇಟ್ಟುಕೊಳ್ಳಿ.

ಗಾಳಿ ಅಂದೆ. ಚಿತ್ರದುರ್ಗದ ಕಡೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮೇ ತಿಂಗಳು ಕಳೆಯುತ್ತಾ ಬಂದಂತೆ ಬಯಲಲ್ಲಿ ಪಡುವಣ ಗಾಳಿ ಜೋರಾಗುತ್ತದೆ. ಗಾಳಿ ಕೆಂಡವನ್ನು ಬೇಗ ಉರಿಸುತ್ತದೆ, ಆ ಶಾಖ ಮಾಂಸಕ್ಕೆ ಸಿಗದ ಹಾಗೆ ಪಕ್ಕಕ್ಕೂ ಒಯ್ಯುತ್ತದೆ. ಹಂದಿಯ ಒಂದು ತುದಿ ಕೆಂಪಗಾಗಿ ಇನ್ನೊಂದು ತುದಿ ಬೆಳ್ಳಗೇ ಇದ್ದರೆ ಸಲಾಕೆ ಗಾಳಿಯ ದಿಕ್ಕಿಗೇ ಉದ್ದವಾಗಿ ನಿಂತಿರುತ್ತದೆ ನೋಡಿ. ಸಲಾಕೆಯನ್ನು ಗಾಳಿಗೆ ಅಡ್ಡಲಾಗಿ ಇಟ್ಟು, ಗಾಳಿ ಬರುವ ಬದಿಗೆ ಉದ್ದಕ್ಕೂ ತಗಡು ನಿಲ್ಲಿಸಿ. ತಗಡಿಗೆ ಎರಡು ಗೂಟ ಹೊಡೆದು ಕಟ್ಟಿ, ಸುಮ್ನೆ ಒರಗಿಸಿದರೆ ಅದೇ ಬಂದು ಹಂದಿಯ ಮೇಲೆ ಬೀಳುತ್ತದೆ.

ಹೊತ್ತಿನ ಲೆಕ್ಕವೇ ತಪ್ಪಿರಬಹುದು, ಅದೂ ಇದೆ. ನಾಲ್ಕೂವರೆ ಕೆಜಿಗೆ ಒಂದು ಗಂಟೆ ಅಂತ ಹಿಡಿಯಿರಿ. 30 ಕೆಜಿಗೆ ಏಳು ಗಂಟೆ, ಗಾಳಿ ಇದ್ದರೆ ಎಂಟು. ಕೆಂಡ ಆಗಲು ಮುಂಚೆ ಒಂದು ಗಂಟೆ, ಇಳಿಸಿ ತಣಿಯಲು ಮುಕ್ಕಾಲು ಗಂಟೆ. ಮಧ್ಯಾಹ್ನ ಎರಡಕ್ಕೆ ಊಟ ಅಂದರೆ ನಸುಕಿನ ನಾಲ್ಕಕ್ಕೆ ಕಡ್ಡಿ ಗೀರಬೇಕು. ರಾತ್ರಿ ಊಟಕ್ಕೆ ಇಟ್ಟುಕೊಂಡರೆ ಆರಾಮ ಅಲ್ವಾ ಅಂತ ಕೇಳುತ್ತೀರಿ. ಮಟಮಟ ಮಧ್ಯಾಹ್ನ, ಹೊರಗೆ ನಲವತ್ತರ ಹತ್ತಿರ ಬಿಸಿಲು, ಎದುರಿಗೆ ಕೆಂಡ, ಅದರ ಮುಂದೆ ನಿಲ್ಲುವವರು ಯಾರು? ಭರಣಿ ಮಳೆ ಶುರುವಾದ ಮೇಲಂತೂ ಮಧ್ಯಾಹ್ನ ಕಳೆದರೆ ಮೋಡ ಕಟ್ಟಿ ಗುಡುಗು ಬರುವುದು ಮಾಮೂಲು. ನನ್ನ ಓಟು ನಸುಕಿಗೇ.

ಸಲಾಕೆ ತಿರುಗುತ್ತದೆ, ಹಂದಿ ತಿರುಗುವುದಿಲ್ಲ

ಮೊದಲ ಎರಡು ಗಂಟೆ ಎಲ್ಲ ಸರಿ ಇರುತ್ತದೆ. ಆಮೇಲೆ ಮಾಂಸ ಮೆತ್ತಗಾಗುತ್ತದೆ, ಕೀಲುಗಳು ಸಡಿಲವಾಗುತ್ತವೆ, ಸಲಾಕೆಯ ಸುತ್ತ ಇದ್ದ ಹಿಡಿತ ಹೋಗುತ್ತದೆ. ಹೊಟ್ಟೆಯ ಭಾರ ಕೆಳಕ್ಕೆ ಜೋತು ಬೀಳುತ್ತದೆ. ತಿರುಗಿಸಿದರೆ ಮೇಲಕ್ಕೆ ನಿಧಾನ, ಕೆಳಕ್ಕೆ ದಡಕ್ಕನೆ. ಆ ಸದ್ದು ಕೇಳಿಸಿತು ಅಂದರೆ ಇನ್ನು ಸುಮ್ನೆ ಕೂರುವ ಹಾಗಿಲ್ಲ.

ಜಾರುತ್ತಿದೆಯೇ ಅಂತ ಬೇಗ ಕಂಡುಹಿಡಿಯಲು ಒಂದು ಗುರುತು ಮಾಡಿಕೊಳ್ಳಿ. ಹಂದಿಯನ್ನು ಕಟ್ಟಿದ ಕೂಡಲೇ ಸಲಾಕೆಯ ಹೊರತುದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅದೇ ಸಾಲಿಗೆ ಹಂದಿಯ ಬೆನ್ನಿನ ಚರ್ಮಕ್ಕೆ ಒಂದು ಬಿದಿರುಕಡ್ಡಿ ಚುಚ್ಚಿ. ಗೆರೆ ಮೇಲಿದ್ದಾಗ ಕಡ್ಡಿಯೂ ಮೇಲಿರಬೇಕು. ಕಡ್ಡಿ ಎರಡು ಬೆರಳು ಹಿಂದೆ ಬಿದ್ದಿದೆ ಅಂದರೆ ಕಟ್ಟು ಸಡಿಲ ಆಗುತ್ತಿದೆ. ಆಗಲೇ ನಿಲ್ಲಿಸಿ ಬಿಗಿ ಮಾಡಿದರೆ ಐದು ನಿಮಿಷದ ಕೆಲಸ. ಪೂರ್ತಿ ಕಿತ್ತುಕೊಂಡ ಮೇಲೆ ಮಾಡಲು ಹೋದರೆ ನಾಲ್ಕು ಜನ, ಎಂಟು ಕೈ, ಎಲ್ಲರಿಗೂ ಸುಟ್ಟ ಬೆರಳು.

ಸರಿಯಾದ ಕಟ್ಟು ಹೇಗೆ ಅಂದರೆ, ಬೆನ್ನುಮೂಳೆಯ ಎರಡೂ ಬದಿಗೆ ತೂತು ಮಾಡಿ ತಂತಿ ಪೋಣಿಸಿ, ಮೂಳೆಯನ್ನೇ ಸಲಾಕೆಗೆ ಎಳೆದು ಹೊಸೆಯಬೇಕು. ಒಂದೊಂದು ಗೇಣಿಗೆ ಒಂದು ಕಟ್ಟು. ಬರೀ ಮಾಂಸಕ್ಕೆ ಕಟ್ಟಿದರೆ ಬೆಂದ ಮೇಲೆ ತಂತಿ ಮಾಂಸವನ್ನೇ ಕೊಯ್ದುಕೊಂಡು ಬರುತ್ತದೆ. ಮುಂಗಾಲು, ಹಿಂಗಾಲು ಚಾಚಿ ಸಲಾಕೆಗೆ ಬಿಗಿಯಿರಿ. ದುಂಡು ಪೈಪಿಗಿಂತ ಚೌಕ ಪೈಪು ವಾಸಿ, ಅಷ್ಟು ಸುಲಭಕ್ಕೆ ಜಾರುವುದಿಲ್ಲ.

ಪೈಪು, ತಂತಿ ಎರಡರಲ್ಲೂ ಒಂದು ಎಚ್ಚರಿಕೆ. ಬೋರ್‌ವೆಲ್ಲಿಗೆ ತಂದು ಉಳಿದ ಜಿಐ ಪೈಪು ತೋಟದಲ್ಲಿ ಬಿದ್ದಿರುತ್ತದೆ, ಅದನ್ನು ಮುಟ್ಟಬೇಡಿ. ಅದರ ಮೇಲೆ ಸತುವಿನ ಲೇಪ ಇದೆ. ಜೋರು ಬೆಂಕಿಗೆ ಸತು ಹೊಗೆಯಾದರೆ ಉಸಿರಾಡಿದವರಿಗೆ ಜ್ವರ, ಚಳಿ ಬರುತ್ತದೆ. ಲೇಪ ಇಲ್ಲದ ಎಂಎಸ್ (ಸಾದಾ ಕಬ್ಬಿಣದ) ಪೈಪು ಅಥವಾ ಸ್ಟೀಲ್ ತನ್ನಿ. ತಂತಿಯೂ ಸ್ಟೀಲಿನದೇ ಆಗಲಿ.

ಬೆಂಕಿ ಹಾಕುವ ಮುಂಚೆ ತೂಕದ ಪರೀಕ್ಷೆಯೂ ಆಗಲಿ. ಸಲಾಕೆಯನ್ನು ಕಂಬದ ಮೇಲಿಟ್ಟು ಕಾಲು ಸುತ್ತು ತಿರುಗಿಸಿ ಕೈಬಿಡಿ. ಬಿಟ್ಟಲ್ಲೇ ನಿಂತರೆ ಸರಿ. ಪ್ರತಿ ಸಲ ಒಂದೇ ಮಗ್ಗುಲಿಗೆ ಉರುಳಿದರೆ ಆ ಮಗ್ಗುಲು ಭಾರ. ಬಿಚ್ಚಿ ಮತ್ತೆ ಕಟ್ಟಿ, ಇಲ್ಲವೇ ಎದುರು ಬದಿಗೆ ಸಲಾಕೆಯ ತುದಿಯಲ್ಲಿ ಒಂದು ಕಬ್ಬಿಣದ ತುಂಡು ತೂಗುಹಾಕಿ. ಮೋಟರ್ ಹಾಕಿದವರು ಇದನ್ನು ಬಿಟ್ಟರೆ ಗೇರಿನ ಹಲ್ಲು ಹೋಗುತ್ತದೆ. ಮೋಟರ್ ಇದ್ದರೂ ಕೈಹಿಡಿ ಒಂದನ್ನು ಬೆಸುಗೆ ಹಾಕಿಸಿ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಕರೆಂಟಿನ ಕಥೆ ಗೊತ್ತಲ್ಲ.

ಚರ್ಮ ಗರಿಗರಿ ಆಗಲಿಲ್ಲ

ಚರ್ಮದಲ್ಲಿ ನೀರು ಉಳಿದಿದೆ. ಅಥವಾ ಕೊನೆಯಲ್ಲಿ ಜೋರು ಶಾಖ ಸಿಕ್ಕಿಲ್ಲ. ಬಹಳ ಸಲ ಎರಡೂ.

ಪದೇ ಪದೇ ಮಸಾಲೆ ನೀರು ಬಳಿಯುವ ಅಭ್ಯಾಸ ಇದೆಯಲ್ಲ, ಅದೇ ಇದರ ಮೂಲ. ಮಸಾಲೆ ಎಲ್ಲ ಒಳಗಡೆಗೆ, ಹೊಟ್ಟೆಯ ಕಡೆಗೆ ಹಚ್ಚಿ. ಹೊರಚರ್ಮಕ್ಕೆ ಉಪ್ಪು ಮಾತ್ರ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸಲಾಕೆಗೆ ಏರಿಸುವ ಮುಂಚೆ ಸ್ವಲ್ಪ ಹೊತ್ತು ಟೇಬಲ್ ಫ್ಯಾನ್ ಗಾಳಿಗೆ ಇಡಿ. ಸೂಜಿಯಿಂದ ಚರ್ಮಕ್ಕೆ ಒತ್ತೊತ್ತಾಗಿ ಚುಚ್ಚಿ, ಕೆಳಗಿನ ಕೊಬ್ಬಿನವರೆಗೆ ಮಾತ್ರ. ಮಾಂಸಕ್ಕೆ ಇಳಿದರೆ ಒಳಗಿನ ರಸ ಅಲ್ಲಿಂದಲೇ ಹೊರಬಂದು ಮತ್ತೆ ಚರ್ಮ ಒದ್ದೆ.

ಕೊನೆಯ ಅರ್ಧ ಗಂಟೆಗೆ ಕೆಂಡವನ್ನು ಉದ್ದಕ್ಕೂ ಹರಡಿ ಜೋರು ಮಾಡಿ. ಅಂಗೈ ಪರೀಕ್ಷೆಯಲ್ಲಿ ಮೂರು ಎಣಿಸುವಷ್ಟು. ಆಗ ಹತ್ತಿರ ಕೂತು ನೋಡಬೇಕು. ಕಂದು ಚರ್ಮದ ಮೇಲೆ ಮೊದಲು ಸಾಸಿವೆ ಗಾತ್ರದ ಗುಳ್ಳೆ ಏಳುತ್ತದೆ, ಅದು ಚಟಪಟ ಅನ್ನುತ್ತಾ ಪಕ್ಕಕ್ಕೆ ಹಬ್ಬುತ್ತದೆ, ಬಣ್ಣ ತಿಳಿಯಾಗುತ್ತದೆ. ಗುಳ್ಳೆ ಎದ್ದ ಜಾಗ ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು. ಗುಳ್ಳೆ ಏಳದ ಜಾಗ ಮಂಕಾಗಿ, ಬಿಗಿಯಾಗಿ ಉಳಿಯುತ್ತದೆ. ಅಂಥ ಜಾಗವನ್ನು ಕೆಂಡದ ಮೇಲೆ ಒಂದೆರಡು ನಿಮಿಷ ನಿಲ್ಲಿಸಿ ಮುಂದೆ ಹೋಗಿ. ಗುಳ್ಳೆ ಮತ್ತು ಕರಕಲಿನ ನಡುವೆ ಅಂತರ ಬಹಳ ಕಡಿಮೆ, ಫೋನು ಜೇಬಲ್ಲಿರಲಿ.

ಇಳಿಸಿ ಆಗಿದೆ, ಆದರೂ ಅಲ್ಲಲ್ಲಿ ಚರ್ಮ ರಬ್ಬರು ಅಂದರೆ ಕಾದ ಎಣ್ಣೆ. ನಮ್ಮ ಕಡೆ ಪಾರ್ಟಿ ಅಂದಮೇಲೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಇಲ್ಲದೆ ಇರುವುದಿಲ್ಲ, ಬಾಣಲೆಯಲ್ಲಿ ಎಣ್ಣೆ ಕಾಯುತ್ತಲೇ ಇರುತ್ತದೆ. ಉದ್ದ ಹಿಡಿಯ ಸೌಟಲ್ಲಿ ಆ ಎಣ್ಣೆಯನ್ನು ರಬ್ಬರಾದ ಜಾಗಕ್ಕೆ ನಿಧಾನಕ್ಕೆ ಸುರಿಯಿರಿ. ಕಣ್ಣ ಮುಂದೆಯೇ ಉಬ್ಬುತ್ತದೆ. ಕೆಂಡದಿಂದ ದೂರ, ದೊಡ್ಡ ತಟ್ಟೆಯಲ್ಲಿಟ್ಟು, ಮಕ್ಕಳನ್ನು ಆಚೆ ಕಳಿಸಿ ಈ ಕೆಲಸ ಮಾಡಿ. ಕೆಂಡದ ಮೇಲೆ ಇರುವಾಗ ಮಾತ್ರ ಖಂಡಿತ ಬೇಡ.

ಗರಿಗರಿಯಾದ ಮೇಲೆ ಫಾಯಿಲ್ ಹೊದಿಸಿ ಇಟ್ಟರೆ ಆವಿಗೆ ಮತ್ತೆ ಮೆತ್ತಗಾಗುತ್ತದೆ. ತೆರೆದೇ ಇಡಿ.

ಬೆಂಕಿ ಭಗ್ಗನೆ ಎದ್ದು ಹಂದಿಗೆ ತಾಗುತ್ತಿದೆ

ಕೊಬ್ಬು ಕೆಂಡಕ್ಕೆ ಬೀಳುತ್ತಿದೆ. ನೀರು ಎರಚಬೇಡಿ. ಉರಿಯುವ ಕೊಬ್ಬಿಗೆ ನೀರು ಬಿದ್ದರೆ ಸಿಡಿಯುತ್ತದೆ, ಬೂದಿ ಎದ್ದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಆ ಜಾಗದ ಕೆಂಡ ಪಕ್ಕಕ್ಕೆಳೆದು ಒಣ ಮರಳೋ ಬೂದಿಯೋ ಹಾಕಿ. ತೊಟ್ಟಿಕ್ಕುವ ಸಾಲು ಯಾವುದು ಅಂತ ಹತ್ತು ನಿಮಿಷ ನೋಡಿದರೆ ಗೊತ್ತಾಗುತ್ತದೆ, ಆ ಸಾಲಿಗೆ ನೀರಿನ ತಟ್ಟೆ ಇಟ್ಟರೆ ಮತ್ತೆ ಏಳುವುದಿಲ್ಲ.

ಬೇಸಿಗೆಯಲ್ಲಿ ಪಕ್ಕದ ಹೊಲದಲ್ಲಿ ಮೆಕ್ಕೆಜೋಳದ ಒಣ ದಂಟು ಇರುತ್ತದೆ. ಸುತ್ತ ನಾಲ್ಕೈದು ಮೀಟರ್ ಹುಲ್ಲು ಕೆರೆದು, ನೆಲಕ್ಕೆ ನೀರು ಹೊಡೆದು, ಎರಡು ಕೊಡ ನೀರು ತುಂಬಿಸಿ ಇಡಿ. ಅದು ಹೊಲಕ್ಕೆ, ಹಂದಿಗೆ ಅಲ್ಲ.

ಕಹಿ, ಹೊಗೆ ವಾಸನೆ, ಸೀಮೆಎಣ್ಣೆ ವಾಸನೆ

ಕಟ್ಟಿಗೆ ನೋಡಿ. ನಮ್ಮ ಕಡೆ ಬೇಕಾದಷ್ಟು ಸಿಗುವ ಬಳ್ಳಾರಿ ಜಾಲಿ ಇದಕ್ಕೆ ಬಹಳ ಒಳ್ಳೆಯದು, ಕೆಂಡ ಗಟ್ಟಿಯಾಗಿ ಬಹಳ ಹೊತ್ತು ನಿಲ್ಲುತ್ತದೆ. ಅಮೆರಿಕದಲ್ಲಿ ಮಾಂಸ ಸುಡಲು ದುಡ್ಡು ಕೊಟ್ಟು ಕೊಳ್ಳುವ ಮೆಸ್ಕೀಟ್ ಕಟ್ಟಿಗೆ ಇದರ ದಾಯಾದಿಯೇ. ಇಲ್ಲಿ ಅದನ್ನು ಬೈದು ಕಡಿಯುತ್ತೇವೆ. ಆದರೆ ಹಸಿ ಜಾಲಿ ಬೇಡ, ಚೆನ್ನಾಗಿ ಒಣಗಿರಬೇಕು. ಹುಣಸೆ ಪರವಾಗಿಲ್ಲ. ಬೇವು, ನೀಲಗಿರಿ ಬೇಡ. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ ತುಂಡು ಹತ್ತಿರಕ್ಕೂ ತರಬೇಡಿ.

ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕಟ್ಟಿಗೆ ಹಸಿ ಅಥವಾ ಗಾಳಿ ಸಾಲದು. ಆ ಹೊಗೆ ಹೋಗುವವರೆಗೆ ಮಾಂಸ ಏರಿಸಬೇಡಿ. ಬೆಂಕಿ ಹೊತ್ತಿಸಲು ಸೀಮೆಎಣ್ಣೆ, ಡೀಸೆಲ್ ಯಾಕೆ, ತೆಂಗಿನ ಚಿಪ್ಪು, ಒಣ ಅಡಿಕೆ ಹಾಳೆ ಇರುವ ಊರಲ್ಲಿ?

ಒಲೆಯ ಸುತ್ತ ಕೆರೆ, ಹಳ್ಳದಿಂದ ತಂದ ಕಲ್ಲು ಇಡಬೇಡಿ. ಒಳಗೆ ನೀರು ಹಿಡಿದಿರುತ್ತದೆ, ಕಾದಾಗ ಸಿಡಿಯುತ್ತದೆ. ಕಡಪಾ ಚಪ್ಪಡಿಯೂ ಅಷ್ಟೇ. ಮಣ್ಣಿನ ಇಟ್ಟಿಗೆ ಸಾಕು.

ಕೊಯ್ದಾಗ ಗುಲಾಬಿ ಬಣ್ಣ. ಹಸಿಯೋ, ಬೆಂದಿದೆಯೋ?

ಎಲ್ಲಿ ಗುಲಾಬಿ ಅಂತ ನೋಡಿ. ಚರ್ಮದ ಕೆಳಗೆ, ಅಂಚಿನ ಉದ್ದಕ್ಕೂ ಅರ್ಧ ಬೆರಳಿನಷ್ಟು ಗುಲಾಬಿ ಪಟ್ಟಿ ಇದ್ದು ಒಳಗೆ ಬೂದುಬಿಳಿ ಇದ್ದರೆ ಅದು ಹೊಗೆಯ ಬಣ್ಣ. ಕಟ್ಟಿಗೆ ಹೊಗೆಯ ಅನಿಲಗಳು ಮಾಂಸದ ಕೆಂಪು ಬಣ್ಣವನ್ನು ಹಾಗೇ ಹಿಡಿದಿಡುತ್ತವೆ, ಹೆದರಬೇಡಿ. ಅಂಚು ಬೆಂದು, ಒಳಗೆ ಮೂಳೆಯ ಪಕ್ಕದಲ್ಲಿ ಕೆಂಪಾಗಿ, ಒತ್ತಿದರೆ ರಕ್ತದ ನೀರು ಬಂದರೆ ಅದು ಹಸಿ. ಅನುಮಾನ ಇದ್ದರೆ ಬಣ್ಣವನ್ನು ನಂಬಬೇಡಿ, ಥರ್ಮಾಮೀಟರ್ ಚುಚ್ಚಿ. ಹೊರದೇಶದ ಪುಸ್ತಕಗಳಲ್ಲಿ ಹಂದಿಗೆ 63 ಸಾಕು ಅಂತ ಇರುತ್ತದೆ. ನಮ್ಮ ಕಡೆ ಹಂದಿಯಲ್ಲಿ ಲಾಡಿಹುಳದ ಭಯ ಇದೆ, ಎಲ್ಲ ಭಾಗವೂ 71 ದಾಟಲಿ.

ಸುಡುವ ಮುಂಚೆಯೇ ವಾಸನೆ

ಇದಕ್ಕೆ ಮದ್ದಿಲ್ಲ. ಹುಳಿ ವಾಸನೆ, ಕೈಗೆ ಅಂಟುವ ಲೋಳೆ ಇದ್ದರೆ ನಿಂಬೆಹಣ್ಣು ತಿಕ್ಕಿ ತೊಳೆಯುವ ನಾಟಕ ಬೇಡ, ಗುಂಡಿ ತೋಡಿ ಹೂಳಿ. ಮಾಂಸ ಕೊಯ್ದಾಗ ಅಕ್ಕಿಕಾಳಿನಂಥ ಬಿಳಿ ನೀರುಗುಳ್ಳೆ ಕಂಡರೂ ಅಷ್ಟೇ, ಅದು ಲಾಡಿಹುಳದ ಮರಿ. ಊರಲ್ಲಿ ಚರಂಡಿ ಮೇಯ್ದ ಹಂದಿಯಲ್ಲಿ ಇದು ಜಾಸ್ತಿ. ಫಾರಂನಲ್ಲಿ ಕಟ್ಟಿ ಸಾಕಿದ ಬಿಳಿ ಸೀಮೆಹಂದಿಯನ್ನೇ ತನ್ನಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ತಂದ ಮೇಲೆ ಕಾಪಾಡುವುದೇ ಕಷ್ಟ. 5ರಿಂದ 60 ಡಿಗ್ರಿ ಮಧ್ಯೆ ಕೀಟಾಣುಗಳು ಬೆಳೆಯುತ್ತವೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಬಿಡುವ ಹಾಗಿಲ್ಲ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು ಒಡೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊಟ್ಟೆಯೊಳಗೆ, ತೊಡೆಗಳ ಮಧ್ಯೆ, ಕೆಳಗೆ ಇಡಿ. ಮೇಲೆ ಗೋಣಿಚೀಲ, ಕಂಬಳಿ ಹೊದಿಸಿ. ಚೀಲದಲ್ಲಿ ಯಾಕೆ ಅಂದರೆ ಕರಗಿದ ನೀರು ಚರ್ಮಕ್ಕೆ ತಾಗಿದರೆ ಮೇಲೆ ಹೇಳಿದ ರಬ್ಬರ್ ಕಥೆ ಮತ್ತೆ ಶುರು.

ಸಪ್ಪೆ, ಒಣಕಲು

ಮೇಲೆ ಹಚ್ಚಿದ ಉಪ್ಪು ಒಂದು ರಾತ್ರಿಯಲ್ಲಿ ತೊಡೆಯ ನಡುವಿನವರೆಗೆ ಹೋಗುವುದಿಲ್ಲ. ಲೀಟರ್ ನೀರಿಗೆ 60 ಗ್ರಾಂ ಉಪ್ಪು ಕದಡಿ, ಸೋಸಿ, ದಪ್ಪ ಸೂಜಿಯ ಸಿರಿಂಜಲ್ಲಿ ತೊಡೆಗೂ ಭುಜಕ್ಕೂ ಹಿಂದಿನ ರಾತ್ರಿ ಚುಚ್ಚಿ, 30 ಕೆಜಿಗೆ ಸುಮಾರು ಮೂರು ಲೀಟರ್. ಹೊಸ ಸಿರಿಂಜ್ ತನ್ನಿ, ದನಕ್ಕೆ ಬಳಸಿದ್ದು ಕೊಟ್ಟಿಗೆಯಲ್ಲೇ ಇರಲಿ. ಬೆಂದ ಮೇಲೆ ಸಪ್ಪೆ ಅನ್ನಿಸಿದರೆ ಮಾಂಸ ಬಿಡಿಸಿ, ತಟ್ಟೆಗೆ ಬಿದ್ದ ರಸ, ಉಪ್ಪು, ಕಾಚಂಪುಳಿ ಅಥವಾ ನಿಂಬೆರಸ ಹಾಕಿ ಕಲಸಿ. ಬೆನ್ನಿನ ಮಾಂಸ ಒಣಗಿದ್ದರೂ ಇದೇ ಮದ್ದು, ಜೊತೆಗೆ ಹೊಟ್ಟೆ ಭಾಗದ ನೆಣ ಸಣ್ಣಗೆ ಕೊಚ್ಚಿ ಸೇರಿಸಿ.

ಕೊಯ್ದ ಕೂಡಲೇ ರಸವೆಲ್ಲ ಹಲಗೆಗೆ ಹರಿಯಿತು

ತಣಿಯಲು ಬಿಟ್ಟಿಲ್ಲ. ಮುಕ್ಕಾಲು ಗಂಟೆ ಬಿಡಿ, ಇಷ್ಟು ದೊಡ್ಡದು ಅಷ್ಟರಲ್ಲಿ ಆರಿಹೋಗುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಸುತ್ತ ನಿಂತು ಚರ್ಮದ ಚೂರು ಕೀಳುವವರನ್ನು ತಡೆಯಲು ದೊಡ್ಡವರು ಯಾರನ್ನಾದರೂ ಕುರ್ಚಿ ಹಾಕಿ ಕೂರಿಸಿ. ಆಮೇಲೆ ಮೊದಲು ಚರ್ಮ ಬಿಡಿಸಿ ಬೇರೆ ತಟ್ಟೆಗೆ, ಭುಜ ಕೈಯಿಂದಲೇ ಬಿಡಿಸಿ, ತೊಡೆ ಮತ್ತು ಬೆನ್ನು ನಾರಿಗೆ ಅಡ್ಡಲಾಗಿ ಕೊಯ್ಯಿರಿ. ಹಸಿ ಹಂದಿ ಇಟ್ಟಿದ್ದ ಹಲಗೆ, ಚಾಕು ಇಲ್ಲಿ ಬೇಡ, ಬೇರೆಯದು ತಗೊಳ್ಳಿ.

ಉಳಿದ ಮಾಂಸವನ್ನು ಮೂಳೆಯಿಂದ ಬಿಡಿಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿ ಸ್ವಲ್ಪ ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿ. ದೊಡ್ಡ ಡಬ್ಬಿಗೆ ಒತ್ತಿ ತುಂಬಿಸಿದರೆ ನಡುವೆ ರಾತ್ರಿಯವರೆಗೂ ಬೆಚ್ಚಗಿದ್ದು ಹಳಸುತ್ತದೆ. ತಲೆ, ಮೂಳೆ ಮರುದಿನದ ಸಾರಿಗೆ.